ಸೀಳಪ್ಪನ ಗುರುವಾರದ ಮೇಜು

ಗಿಡ ಯಾವುದೇ ಇರಲಿ, ತಂದವರು ಯಾರೇ ಇರಲಿ, ಅವನು ಮೊದಲು ಅದನ್ನು ಸೀಳಿ ನೋಡಬೇಕು. ಅದಕ್ಕೇ ಅವನು ಎಲ್ಲರ ಬಾಯಲ್ಲೂ ಸೀಳಪ್ಪ. ಹೆಂಡತಿ ಅಂಗಡಿಯಿಂದ ಬದನೆಕಾಯಿ ತಂದರೂ ಅಷ್ಟೇ. ಅದು ಒಲೆಯ ಹತ್ತಿರ ಹೋಗುವ ಮುಂಚೆ ಇವನ ಕೈಯಲ್ಲಿ ಎರಡು ಹೋಳಾಗಿ, ಬೀಜ, ತಿರುಳು, ಹುಳು ಹೊಕ್ಕ ದಾರಿ ಎಲ್ಲ ತಪಾಸಣೆಯಾದ ಮೇಲೆಯೇ ಪಾತ್ರೆಗೆ ಬೀಳಬೇಕು. "ಈ ಮನೇಲಿ ಇವರು ಸೀಳದೆ ಬಿಟ್ಟಿರೋದು ನನ್ನೊಬ್ಬಳನ್ನೇ, ನನ್ನ ಪುಣ್ಯ" ಎಂದು ಅವಳು ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಹೊಟ್ಟೆಪಾಡಿಗೆ ಅವನು ಒಂದು ಸಸ್ಯ ಸಂಶೋಧನಾ ಕೇಂದ್ರದ ಗಾಜಿನಮನೆ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಬೀಗ ತೆಗೆಯುವುದು, ನೀರಿನ ಕೊಳವೆಯಲ್ಲಿ ಕಟ್ಟಿದ ಪಾಚಿಯನ್ನು ಊದಿ ತೆಗೆಯುವುದು, ಬಿಸಿಲೇರಿದರೆ ಪರದೆ ಎಳೆಯುವುದು, ಕುಂಡ ತೊಳೆದು ಒಂದರೊಳಗೊಂದು ಪೇರಿಸುವುದು. ಇಷ್ಟೇ ಆಗಿದ್ದರೆ ಅವನ ಕತೆ ಯಾರಿಗೆ ಬೇಕಿತ್ತು? ಕತೆ ಇರುವುದು ಗುರುವಾರದಲ್ಲಿ.

ಒಂದು ದಿನ ಒಳಗೆ ಒಬ್ಬ ಸಂಶೋಧಕ, "ರೋಗ ಬಂದ ಸೌತೆ ಎಲೆ ಒಂದೇ ಒಂದು ಸಿಕ್ಕಿದ್ರೆ ಸಾಕಿತ್ತಲ್ಲಪ್ಪಾ" ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದ. ಅದೇ ಹೊತ್ತಿಗೆ ಗೇಟಿನ ಹೊರಗೆ ಒಬ್ಬ ಬೆಳೆಗಾರ ಚೀಲದ ತುಂಬ ರೋಗದ ಸೌತೆಬಳ್ಳಿ ಹೊತ್ತುಕೊಂಡು ಬಂದು, "ಇದಕ್ಕೇನಾಗಿದೆ ಅಂತ ಹೇಳೋರು ಈ ಅರಮನೇಲಿ ಯಾರೂ ಇಲ್ವಾ?" ಎಂದು ಕಾವಲುಗಾರನ ಜೊತೆ ಜಗಳ ಆಡುತ್ತಿದ್ದ. ಇಬ್ಬರ ನಡುವೆ ಇದ್ದದ್ದು ಒಂದು ಗೋಡೆ. ಅಲ್ಲಾ, ಇದಕ್ಕಿಂತ ದಡ್ಡತನ ಬೇರೆ ಉಂಟೇ? ಸೀಳಪ್ಪನಿಗೆ ರೇಗಿಹೋಯಿತು. ಬೆಳೆಗಾರನ ರಟ್ಟೆ ಹಿಡಿದು ಒಳಗೆ ಕರೆತಂದ. ಕುಂಡ ತೊಳೆಯುವ ಕೋಣೆಯಲ್ಲಿದ್ದ ತಗಡು ಹೊದಿಸಿದ ಉದ್ದ ಮೇಜಿನ ಮೇಲೆ ಬಳ್ಳಿಯನ್ನು ಸುರಿಸಿ, ಸಂಶೋಧಕನನ್ನು ಕೂಗಿದ. ಅಂದು ಗುರುವಾರ. ಅಲ್ಲಿಂದ ಪ್ರತಿ ಗುರುವಾರ ಮಧ್ಯಾಹ್ನ ಆ ಮೇಜಿನ ಒಂದು ಬದಿಗೆ ಬೆಳೆಗಾರರು, ಇನ್ನೊಂದು ಬದಿಗೆ ಸಂಶೋಧಕರು.

ಬೆಳೆಗಾರರ ಪ್ರಶ್ನೆ ಚೀಲದಲ್ಲಿ ಬರುತ್ತಿತ್ತು: ಬಾಡಿದ ಗಿಡ, ಗಂಟು ಕಟ್ಟಿದ ಬೇರು, ಉದುರಿದ ಮೊಗ್ಗು. ಸಂಶೋಧಕರು ತಮ್ಮ ಪ್ರಶ್ನೆಗಳನ್ನು ಗೋಡೆಯ ಹಲಗೆ ಮೇಲೆ ಬರೆಯುತ್ತಿದ್ದರು: ಸೆಕೆಯಲ್ಲೂ ಹೂ ನಿಲ್ಲುವ ಮೆಣಸು ಯಾರ ಹತ್ತಿರವಾದರೂ ಇದೆಯಾ? ಬಿಳಿನೊಣ ಯಾರ ಹಸಿರುಮನೆಯಲ್ಲಿ ಮೊದಲು ಕಂಡಿತು? ಉತ್ತರ ತೆಗೆದುಕೊಂಡವರು ಬದಲಿಗೆ ಬೀಜವನ್ನೋ ನೆಡುವ ಕಡ್ಡಿಯನ್ನೋ ಬಿಟ್ಟುಹೋಗುತ್ತಿದ್ದರು. ಇವೆಲ್ಲದರ ನಡುವೆ ಸೀಳಪ್ಪ ತನ್ನ ಮರದ ಹಿಡಿಯ ಸಣ್ಣ ಚಾಕು ಹಿಡಿದು ಮದುವೆಮನೆಯ ಯಜಮಾನನ ಹಾಗೆ ಓಡಾಡುವವನು. ಬಂದ ಗಿಡದ ಕಾಂಡವನ್ನು ಬುಡದಿಂದ ಸರ್ರನೆ ಸೀಳಿ, "ನೋಡಿ, ಎಲ್ಲರೂ ನೋಡಿ, ಒಳಗೆ ಕಂದು ಗೆರೆ ಕಾಣ್ತಾ?" ಎಂದು ಎತ್ತಿ ತೋರಿಸುತ್ತಿದ್ದ. ನೋಡಿ ಮುಗಿದ ಮೇಲೆ ಚಾಕುವನ್ನು ಬಿಳಿ ಬಟ್ಟೆಯಲ್ಲಿ ಫಳಫಳ ಹೊಳೆಯುವ ತನಕ ಒರೆಸಿ ಮುಂದಿನ ಗಿಡಕ್ಕೆ ಕೈ ಹಾಕುತ್ತಿದ್ದ.

ಇನ್ನು ಅವನ ಅಕ್ಕನ ವಿಷಯ. ಅವ್ವ ಹೋದಾಗ ಸೀಳಪ್ಪ ಇನ್ನೂ ಅಂಬೆಗಾಲಿಡುವ ಕೂಸು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ. ಮಾತು ಕಡಿಮೆ, ನೋಟ ಚೂಪು. ಊರಾಚೆ ಒಂದು ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ ಕಟ್ಟಿಕೊಂಡು ದೊಣ್ಣೆಮೆಣಸು ಬೆಳೆಯುತ್ತಿದ್ದಳು. ಸೆಕೆ ಏರಿದರೆ ಆ ಗಿಡ ಹೂವನ್ನೆಲ್ಲ ಉದುರಿಸಿಬಿಡುತ್ತದೆ, ಅದರ ಜಾತಕವೇ ಹಾಗೆ. ಈ ಮಹಾತಾಯಿ ಏನು ಮಾಡಿದಳು? ಪ್ರತಿ ಬೇಸಿಗೆ ಯಾವ ಗಿಡ ಹಟ ಹಿಡಿದು ಹೂ ನಿಲ್ಲಿಸಿಕೊಂಡಿತೋ ಅದರ ಬೀಜ ಮಾತ್ರ ಎತ್ತಿಟ್ಟಳು. ಮರುವರ್ಷ ಅದನ್ನೇ ಬಿತ್ತಿದಳು, ಮತ್ತೆ ಅದರಲ್ಲಿ ಗಟ್ಟಿಯಾದದ್ದನ್ನು ಆರಿಸಿದಳು. ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ಅವಳ ಮೆಣಸು ಎಂಥ ಬಿಸಿಲಿಗೂ ಬಗ್ಗದ ಮೆಣಸಾಗಿತ್ತು. ಆ ಬೀಜವನ್ನು ಬಚ್ಚಿಡಲಿಲ್ಲ ಅವಳು. ತಮ್ಮನ ಮೇಜಿಗೆ ಪೊಟ್ಟಣ ಕಟ್ಟಿ ಕಳಿಸಿದಳು. ಸಂಶೋಧಕರು ತಮ್ಮ ಪ್ರಯೋಗಕ್ಕೆ ಒಯ್ದರು, ಬೆಳೆಗಾರರು ತಮ್ಮ ಹಸಿರುಮನೆಗಳಿಗೆ ಒಯ್ದರು. "ಅಕ್ಕನ ಮೆಣಸು" ಅಂದರೆ ಸಾಕು, ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ವರ್ಷ ಕೇಂದ್ರಕ್ಕೆ ಹೊಸದಾಗಿ ಒಬ್ಬ ಸಂಶೋಧಕಿ ಬಂದಳು. ಅವಳ ಕೆಲಸವೆಲ್ಲ ವೈರಸ್ಸಿನ ಮೇಲೆ, ಹಾಗಾಗಿ ಅವಳು ವೈರಸ್ ಮೇಡಂ ಆದಳು. ಮೇಜಿನ ವ್ಯವಹಾರ ನೋಡಿದ ಮೊದಲ ದಿನವೇ ಒಂದು ಬೋಗುಣಿಯಲ್ಲಿ ಬ್ಲೀಚ್ ನೀರು ತಂದಿಟ್ಟು, "ಪ್ರತಿ ಗಿಡ ಆದ ಮೇಲೂ ಚಾಕು ಇದ್ರಲ್ಲಿ ಅದ್ದಿ, ಸರೀನಾ?" ಎಂದಳು. ಸೀಳಪ್ಪ ಅದ್ದಿದ. ಕೆಲವು ವಾರ ಚಾಚೂ ತಪ್ಪದೆ ಅದ್ದಿದ. ಆದರೆ ಬ್ಲೀಚು ಉಕ್ಕನ್ನು ತಿನ್ನುತ್ತದೆ, ಅಲಗಿನ ಮೇಲೆ ಕಂದು ಚುಕ್ಕೆ ಎದ್ದವು. ಕನ್ನಡಿಯಂತಿದ್ದ ಚಾಕುವಿಗೆ ಸಿಡುಬು ಬಂದಂತಾಯಿತಲ್ಲ ಎಂದು ಇವನ ಜೀವ ಚುರುಗುಟ್ಟಿತು. ಬೋಗುಣಿ ಮೆಲ್ಲಗೆ ಕಿಟಕಿಯ ಕಟ್ಟೆಗೆ ಸರಿಯಿತು, ಬಿಳಿ ಬಟ್ಟೆ ಮತ್ತೆ ಹೆಗಲಿಗೆ ಬಂತು. ಚೊಕ್ಕಟವಾಗಿ ಒರೆಸಿದರೆ ಸಾಲದೇ? ಚೊಕ್ಕಟ ಅಂದರೆ ಚೊಕ್ಕಟ ತಾನೆ?

ಅಲ್ಲ. ಅದೇ ಆದ ಎಡವಟ್ಟು.

ಮೊದಲು ಟೊಮೆಟೊ ಸಾಹುಕಾರನ ಗಿಡಗಳಲ್ಲಿ ಎಲೆ ಚಿಕ್ಕದಾಗಿ, ಹಸಿರು ಹಳದಿ ಚಿತ್ತಾರ ಎದ್ದಿತು. ಸಾಹುಕಾರ ಅಂದರೆ ಆ ಸುತ್ತಿನಲ್ಲೇ ದೊಡ್ಡ ಹಸಿರುಮನೆಗಳ ಒಡೆಯ, ಗಂಟಲೂ ಅಷ್ಟೇ ದೊಡ್ಡದು. ಅವನು ಒಂದು ಗಿಡವನ್ನು ಮೇಜಿಗೆ ತಂದು ಸೀಳಿಸಿಕೊಂಡು ಹೋದ. ಆಮೇಲೆ ಒಬ್ಬೊಬ್ಬರದೇ ಹಸಿರುಮನೆಯಲ್ಲಿ ಕಾಣಿಸಿಕೊಂಡಿತು. ಕೊನೆಗೆ ಅಕ್ಕನ ಮೆಣಸಿಗೂ ಬಂತು. ಕಾಯಿ ಬಣ್ಣಗೆಟ್ಟು, ಸೊಟ್ಟಗೆ, ಮುಟ್ಟಿದರೆ ಗಂಟುಗಂಟು. ಮೇಡಂ ಎಲೆ ಅರೆದು ಪರೀಕ್ಷೆ ಮಾಡಿ ಹೇಳಿದಳು: ಇದು ಬೀಜದ ಸಿಪ್ಪೆಗೆ ಅಂಟಿಕೊಂಡೂ ಹರಡುವ, ಕೈಯಿಂದ ಕೈಗೂ ಹರಡುವ ವೈರಸ್. ಔಷಧ ಇಲ್ಲ. ಗಿಡ ಕೀಳಬೇಕು.

ಮರುವಾರ ಮೇಜಿನ ಸುತ್ತ ಕೂತಾಗ ಸಾಹುಕಾರ ಗಂಟಲು ಏರಿಸಿದ. "ಬೀಜದಿಂದ ಹರಡುತ್ತೆ ಅಂದ್ರಲ್ಲ ಮೇಡಂ? ನಾವೆಲ್ಲ ಒಬ್ಬರಿಂದಲೇ ತಗೊಂಡಿರೋ ಬೀಜ ಯಾವುದು? ಅಕ್ಕನ ಮೆಣಸು! ನಾನೂ ಒಂದು ಸಾಲು ಹಾಕಿದ್ದೆ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?"

"ಇನ್ನೂ ಏನೂ ಗೊತ್ತಾಗಿಲ್ಲ" ಎಂದಳು ಮೇಡಂ. ಆದರೆ ಎಲ್ಲರ ಕಣ್ಣೂ ಸೀಳಪ್ಪನ ಕಡೆ ತಿರುಗಿದವು. ಅಕ್ಕನ ಒಡಹುಟ್ಟಿದವನು, ಅವಳ ಕೈತುತ್ತು ಉಂಡವನು, ಒಂದು ಮಾತಾದರೂ ಆಡುತ್ತಾನೆ ಎಂದು ಕಾದರು. ಅವನಿಗೂ ಆ ಹೊತ್ತಿಗೆ ಹೌದಿರಬಹುದು ಅನ್ನಿಸಿಬಿಟ್ಟಿತ್ತು. ತನ್ನ ಮೇಜಿಗೆ ಕೆಟ್ಟ ಹೆಸರು ಬರಬಾರದು ಎಂಬ ಚಿಂತೆಯೂ ಇತ್ತು. ಅವನು ಬಟ್ಟೆಯಲ್ಲಿ ಚಾಕು ಒರೆಸುತ್ತಾ ತಲೆ ತಗ್ಗಿಸಿ ನಿಂತ. ಮೌನ ಬಂಗಾರ ಅನ್ನುತ್ತಾರೆ, ಸುಡಬೇಕು ಅಂಥ ಬಂಗಾರವನ್ನು.

ಸುದ್ದಿ ಅಕ್ಕನಿಗೆ ಮುಟ್ಟದೆ ಇರುತ್ತದೆಯೇ? ಅವಳು ಅಳಲಿಲ್ಲ, ಬೈಯಲಿಲ್ಲ. "ನನ್ನ ಬೀಜ ನಾಲ್ಕು ಜನರ ಮನೆ ಹಾಳು ಮಾಡಿದೆ ಅಂದ್ರೆ ಅದು ನನಗೆ ಬೇಡ. ಗಿಡ ಕಿತ್ತು ಮುಗಿಸಿ ಅದರ ಜೊತೆ ಬೀಜಾನೂ ಸುಡ್ತೀನಿ" ಎಂದು ಸೀಳಪ್ಪನ ಹೆಂಡತಿಗೆ ಫೋನಿನಲ್ಲಿ ಹೇಳಿದಳಂತೆ. ಅಕ್ಕ ರೋಗಕ್ಕೆ ಮುಂಚೆಯೇ ಎತ್ತಿಟ್ಟಿದ್ದ ಹಳೆಯ ಡಬ್ಬಿಯ ಬೀಜವನ್ನು ಮೇಡಂ ಪರೀಕ್ಷೆಗೆ ತರಿಸಿಕೊಂಡಳು. ಅದರಲ್ಲಿ ವೈರಸ್ ಸಿಗಲಿಲ್ಲ. "ಒಂದು ಚಮಚ ಬೀಜದಲ್ಲಿ ಇಲ್ಲ ಅಂದ್ರೆ ಡಬ್ಬೀಲಿ ಇಲ್ಲ ಅಂತಾನಾ?" ಎಂದು ಅಕ್ಕ ಕೇಳಿದಳು. ಮೇಡಂ ಸುಳ್ಳು ಹೇಳುವವಳಲ್ಲ, "ಬಹುಮಟ್ಟಿಗೆ" ಎಂದಳು. ಅಕ್ಕನಿಗೆ ಬಹುಮಟ್ಟಿಗೆ ಸಾಕಾಗಲಿಲ್ಲ.

ಅದರ ಮುಂದಿನ ಗುರುವಾರ ಹೂವಿನ ತಾತ ಬಂದ. ಅವನು ಬೆಳೆಯುವುದು ಹೂವಿನ ಕುಂಡ ಮಾತ್ರ, ಪೆಟೂನಿಯಾ ಅಂದರೆ ಪ್ರಾಣ. ತಂದ ಕುಂಡವನ್ನು ಮೇಜಿನ ಮೇಲಿಟ್ಟು, "ನೋಡ್ರಪ್ಪಾ, ಇದರ ಎಲೆಗೇನೋ ಚುಕ್ಕಿಚಿತ್ತಾರ ಎದ್ದಿದೆ" ಎಂದ. ಸೀಳಪ್ಪ ಅಭ್ಯಾಸಬಲದಿಂದ ಚಾಕು ಎತ್ತಿದ.

"ತಡೀರಿ" ಎಂದಳು ಮೇಡಂ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, "ತಾತ, ನೀವು ಅಕ್ಕನ ಮೆಣಸು ಬಿತ್ತಿದ್ರಾ?"

"ನಾನ್ಯಾಕೆ ಬಿತ್ತಲಿ ತಾಯಿ? ಮೆಣಸು ತಿಂದ್ರೆ ನನಗೆ ಹೊಟ್ಟೆ ಉರಿ."

"ಬೇರೆ ಯಾರ ಗಿಡ, ಯಾರ ಬೀಜ ಮನೆಗೆ ತಗೊಂಡು ಹೋದ್ರಿ?"

"ಯಾರದ್ದೂ ಇಲ್ಲ. ಆಗ ಬೇರು ಕೊಳೆತಿದೆ ಅಂತ ಒಂದು ಗಿಡ ತಂದಿದ್ನಲ್ಲ, ಇವನು ಸೀಳಿ ತೋರಿಸಿದ. ಸೀಳಿದ್ರೂ ಒಂದು ಪಕ್ಕ ಚೆನ್ನಾಗಿತ್ತು, ಬಿಸಾಡೋಕೆ ಮನಸ್ಸು ಬರಲಿಲ್ಲ. ತಗೊಂಡು ಹೋಗಿ ನೆಟ್ಟೆ. ಅದರಿಂದಲೇ ಶುರುವಾಯ್ತು ನೋಡು."

ತಾತ ಅದನ್ನು ದೂರಿನಂತೆ ಹೇಳಲಿಲ್ಲ, ಹವಾಮಾನದ ಸುದ್ದಿ ಹೇಳುವವನಂತೆ ಹೇಳಿದ. ಸೀಳಪ್ಪ ಎತ್ತಿದ ಚಾಕುವನ್ನು ಮೇಜಿನ ಮೇಲಿಟ್ಟ. ಸಾಹುಕಾರನ ಗಿಡ ಸೀಳಿದ ಚಾಕು. ಒರೆಸಿದ ಬಟ್ಟೆ. ತಾತನ ಗಿಡ ಸೀಳಿದ ಚಾಕು. ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗಿ, "ಎಲ್ಲಿ, ಕುಡಿ ಸವರಿ ಕೊಡ್ತೀನಿ" ಎಂದು ಸಾಲು ಸಾಲಾಗಿ ಮೆಣಸಿನ ಗಿಡಗಳ ಮೇಲೆ ಆಡಿಸಿದ್ದೂ ಅದೇ ಚಾಕು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಡಂ ಚಾಕು ಮತ್ತು ಬಟ್ಟೆ ಎರಡನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಒಳಗೆ ಹೋದಳು.

ಸಂಜೆ ಗಾಜಿನಮನೆಯ ಬಾಗಿಲಲ್ಲಿ ಅವಳು ಬಂದು ನಿಂತಾಗ ಅವನು ಕೇಳುವ ಅಗತ್ಯವೇ ಇರಲಿಲ್ಲ. "ಎರಡರಲ್ಲೂ ಇದೆ" ಎಂದಳು. ಆಮೇಲೆ ದನಿ ತಗ್ಗಿಸಿ, "ನೋಡಿ, ನೀವು ಬೇಕು ಅಂತ ಮಾಡಿದ್ದಲ್ಲ. ನಾನೂ ಬೋಗುಣಿ ಎಲ್ಲಿ ಹೋಯ್ತು ಅಂತ ಕೇಳಬೇಕಿತ್ತು. ಹೇಗೆ ಹರಡಿತು ಅಂತ ಖಚಿತವಾಗಿ ಗೊತ್ತಾಗಿಲ್ಲ ಅಂತಲೇ ಹೇಳಿಬಿಡೋಣ. ಇನ್ಮೇಲೆ ಹುಷಾರಾಗಿ ಇದ್ರಾಯ್ತು. ಇಲ್ಲಾಂದ್ರೆ ಈ ಮೇಜಿಗೆ ಯಾರೂ ಬರಲ್ಲ" ಎಂದಳು.

ಒಳ್ಳೆಯ ಹುಡುಗಿ, ಕರುಣೆಯಿಂದಲೇ ಹೇಳಿದ್ದು. ಸೀಳಪ್ಪನಿಗೂ ಸುಡುವ ಕಾಲಿಗೆ ನೀರು ಬಿದ್ದಂತಾಯಿತು, ಸುಳ್ಳು ಯಾಕೆ ಹೇಳಬೇಕು. ಹೂಂ ಎಂದು ಮನೆಗೆ ಹೋದ. ಊಟಕ್ಕೆ ಕೂತ. ಹೆಂಡತಿ ಮುಂದೆ ಕೂತು, "ಅತ್ತಿಗೆ ಗಿಡ ಎಲ್ಲ ಕಿತ್ತಾಯ್ತಂತೆ. ನಾಳೆ ಬೆಳಿಗ್ಗೆ ಬೀಜ ಸುಡ್ತಾರಂತೆ. ಎಂಥಾ ಜೀವ ನೋಡಿ, ಯಾರನ್ನೂ ಒಂದು ಮಾತು ಅನ್ನಲಿಲ್ಲ" ಎಂದಳು. ಅವನು ಕೈ ತೊಳೆದು ಎದ್ದ. ಆ ರಾತ್ರಿ ಹಾಸಿಗೆ ಅವನಿಗೆ ಮುಳ್ಳಾಯಿತು. ಬಾಯಿ ಬಿಟ್ಟರೆ ಇಷ್ಟು ವರ್ಷ ಕಟ್ಟಿದ ಮೇಜು, ಮರ್ಯಾದೆ ಎಲ್ಲ ಮಣ್ಣುಪಾಲು. ಬಿಡದಿದ್ದರೆ ಅಕ್ಕ ತನ್ನ ಕೈಯಾರೆ ತನ್ನ ಇಡೀ ಬಾಳಿಗೆ ಕೊಳ್ಳಿ ಇಡುತ್ತಾಳೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಹೋದ. ಪ್ಲಾಸ್ಟಿಕ್ ಮನೆಯ ಹಿಂದೆ ಕಿತ್ತ ಗಿಡಗಳ ರಾಶಿ ಹೊಗೆಯಾಡುತ್ತಿತ್ತು. ಅಕ್ಕ ಬೀಜದ ಡಬ್ಬಿಗಳನ್ನು ಪಕ್ಕದಲ್ಲಿ ಸಾಲಾಗಿ ಇಟ್ಟುಕೊಂಡು, ಒಂದರ ಮುಚ್ಚಳ ತೆಗೆದು ಕೂತಿದ್ದಳು. ಉಗುರ ಸಂದಿನಲ್ಲೆಲ್ಲ ಮಣ್ಣು.

"ಅಕ್ಕಾ, ಸುಡಬೇಡ."

"ಯಾಕೆ?"

"ಪರೀಕ್ಷೇಲಿ ಏನೂ ಸಿಕ್ಕಿಲ್ಲವಲ್ಲ. ಸ್ವಲ್ಪ ದಿನ ತಡಿ."

"ಬಹುಮಟ್ಟಿಗೆ ಅಂದ್ರು ಮೇಡಂ. ಬಹುಮಟ್ಟಿಗೆ ಇಟ್ಕೊಂಡು ಇನ್ನೊಬ್ಬರ ಮನೆಗೆ ಕೊಡೋಕಾಗುತ್ತಾ?" ಅವಳು ಡಬ್ಬಿ ಕೈಗೆತ್ತಿಕೊಂಡಳು.

"ಬೀಜದಿಂದಲ್ಲ ಅಕ್ಕಾ!" ಅವನು ಡಬ್ಬಿಗೆ ಅಡ್ಡ ಕೈ ಒಡ್ಡಿದ. "ನನ್ನ ಚಾಕುವಿಂದ. ಮೇಡಂ ಬ್ಲೀಚ್ ನೀರಲ್ಲಿ ಅದ್ದು ಅಂದಿದ್ರು, ಅಲಗು ತುಕ್ಕು ಹಿಡಿಯುತ್ತೆ ಅಂತ ಬಿಟ್ಟೆ. ಸಾಹುಕಾರನ ಗಿಡ ಸೀಳಿದೆ, ಎಲ್ಲರ ಗಿಡ ಸೀಳಿದೆ, ಇಲ್ಲಿಗೆ ಬಂದು ನಿನ್ನ ಗಿಡಾನೂ ಸವರಿದೆ. ನಾನೇ ತಂದಿದ್ದು."

ಅಕ್ಕ ಡಬ್ಬಿಯನ್ನು ಕೆಳಗಿಟ್ಟಳು. ಕೋಲು ಎತ್ತಿಕೊಂಡು ರಾಶಿಯ ಬೆಂಕಿ ಕೆದಕಿದಳು. ಬೈದಿದ್ದರೆ ಚೆನ್ನಾಗಿತ್ತು, ಎರಡೇಟು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು.

"ಚಾಕುಗೆ ಬುದ್ಧಿ ಇಲ್ಲ, ಅದು ಮಾಡ್ತು" ಎಂದಳು. "ಅವತ್ತು ಅಷ್ಟು ಜನರ ಮುಂದೆ ಸಾಹುಕಾರ ನನ್ನ ಹೆಸರು ಹಿಡಿದು ಆಡಿದಾಗ ನಿನ್ನ ಬಾಯಿಗೆ ಏನಾಗಿತ್ತೋ? ಗೊತ್ತಿರಲಿಲ್ಲ, ಸರಿ. 'ನನ್ನಕ್ಕ ಅಂಥವಳಲ್ಲ' ಅನ್ನೋಕೂ ಗೊತ್ತಿರಬೇಕಾಗಿತ್ತಾ?"

ಅಕ್ಕ ಡಬ್ಬಿಗೆ ಮುಚ್ಚಳ ಹಾಕಿದಳು. "ಹೆಸರು ಕೆಟ್ಟ ಬೀಜ ಡಬ್ಬೀಲಿದ್ರೂ ಒಂದೇ, ಬೂದಿಯಾದ್ರೂ ಒಂದೇ. ಯಾರು ಬಿತ್ತುತಾರೆ? ನನ್ನ ಮುಂದೆ ಹೇಳಿದ್ದನ್ನ ಅಲ್ಲಿ ಹೇಳು. ಗುರುವಾರದ ತನಕ ಇಟ್ಟಿರ್ತೀನಿ" ಎಂದು ಎದ್ದು ಒಳಗೆ ಹೋದಳು. ಅವನನ್ನು ಒಳಗೆ ಕರೆಯಲಿಲ್ಲ.

ಗುರುವಾರ ಮೇಜಿನ ಸುತ್ತ ಎಂದಿಗಿಂತ ಹೆಚ್ಚು ಜನ. ಎಲ್ಲರಿಗೂ ಕೇಳಬೇಕಿದ್ದದ್ದು ಒಂದೇ ಪ್ರಶ್ನೆ: ರೋಗ ಹರಡಿದ್ದು ಹೇಗೆ? ಸೀಳಪ್ಪ ಮೇಡಂ ಕಡೆ ನೋಡಿದ, ಅವಳು ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದಳು. ಅವನು ಹೇಳಿದ. ನಿಂತುಕೊಂಡು, ತಡವರಿಸುತ್ತಾ, ಬೋಗುಣಿಯಿಂದ ಹಿಡಿದು ಬಿಳಿ ಬಟ್ಟೆಯ ತನಕ ಎಲ್ಲ ಹೇಳಿದ. ಆ ರೋಗ ಮೇಜಿಗೆ ಮೊದಲು ಬಂದದ್ದು ಸಾಹುಕಾರನ ಗಿಡದಲ್ಲೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ನಾಲಿಗೆಯ ತುದಿಗೂ ಬಂತು. ನುಂಗಿಕೊಂಡ. "ಅಕ್ಕನ ಬೀಜದ್ದು ಏನೂ ತಪ್ಪಿಲ್ಲ. ನಾನು ಅವತ್ತೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅದೂ ನನ್ನದೇ ತಪ್ಪು" ಎಂದ.

ಸಾಹುಕಾರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಂಬಿ ಗಿಡ ತಂದುಕೊಟ್ರೆ ಮನೆಹಾಳು ಮಾಡಿದೆಯಲ್ಲಯ್ಯಾ! ಸಾಲು ಸಾಲು ಕಿತ್ತುಹಾಕಿದೀನಿ ನಾನು!" ಅದು ನಿಜವೂ ಆಗಿತ್ತು, ಬಾಯಿ ದೊಡ್ಡದಾದರೂ ಅವನ ನೋವು ಸಣ್ಣದಲ್ಲ. ಒಬ್ಬಿಬ್ಬರು ಚೀಲ ಎತ್ತಿಕೊಂಡು ಹೊರಟೇಹೋದರು. ಸೀಳಪ್ಪ ಹಿಂದೆ ಸರಿದು ಗೋಡೆಗೆ ಆನಿಕೊಂಡು ನಿಂತ. ಮುಗಿಯಿತು, ತಾನು ಕಟ್ಟಿದ್ದನ್ನು ತಾನೇ ಕೆಡವಿದೆ ಎಂದುಕೊಂಡ.

ಆಗ ಹೂವಿನ ತಾತ ನಿಧಾನವಾಗಿ ಕೇಳಿದ: "ಆಗಿದ್ದು ಆಯ್ತು. ಮೇಡಂ, ಈಗ ನನ್ನ ಕತ್ತರಿ ಏನು ಮಾಡ್ಲಿ?"

ಮೇಡಂ ಹೇಳತೊಡಗಿದಳು. ಕತ್ತರಿ ಎಷ್ಟು ಹೊತ್ತು ಅದ್ದಬೇಕು, ಕೈಗೆ ಸೋಪು ಯಾಕೆ ಬೇಕು, ಕೀಳುವಾಗ ಹಾಕಿದ ಬಟ್ಟೆ ಏನು ಮಾಡಬೇಕು. ಒಬ್ಬಳು, "ಹಾಗಾದ್ರೆ ನೆಲ?" ಎಂದಳು. ಇನ್ನೊಬ್ಬ, "ದಾರ ಕಟ್ಟಿದ ಕಂಬ?" ಎಂದ. ಹೊರಟಿದ್ದವರಲ್ಲಿ ಒಬ್ಬ ಬಾಗಿಲಲ್ಲೇ ನಿಂತು ಕಿವಿ ಕೊಟ್ಟ. ಪ್ರಶ್ನೆ ಮೇಲೆ ಪ್ರಶ್ನೆ ಬಿದ್ದವು. ಸಾಹುಕಾರನೂ ಗೊಣಗುತ್ತಾ ಮತ್ತೆ ಕೂತು, "ನಮ್ಮ ಆಳುಗಳು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗ್ತಾರಲ್ಲ, ಅವರ ಕೈ?" ಎಂದು ಕೇಳಿದ.

ಆ ಹೊತ್ತಿಗೆ ಅಕ್ಕ ಬಂದಳು. ಬಾಗಿಲ ಆಚೆ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಯಾರ ಮುಖವನ್ನೂ ನೋಡದೆ ಮೇಡಂ ಪರೀಕ್ಷಿಸಿದ್ದ ಆ ಹಳೆಯ ಬೀಜದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಚೀಲದಿಂದ ಹಳೆಯ ಕಾಗದದ ತುಂಡುಗಳನ್ನು ತೆಗೆದಳು. "ಎಲ್ಲರ ಹಸಿರುಮನೆಯೂ ಖಾಲಿಯಾಗಿದೆ. ಬೇಕಾದೋರು ತಗೊಳ್ಳಿ" ಎಂದಳು.

ಸಾಹುಕಾರ ಮೇಜಿನ ತಗಡನ್ನೇ ನೋಡುತ್ತಾ ಕೂತಿದ್ದವನು, ಎದ್ದು ಅವಳ ಮುಂದೆ ಬಂದ. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. "ಅಕ್ಕಾ, ನಾನು ಅವತ್ತು ಅಂದಿದ್ದು ಅನ್ಯಾಯ. ನನಗೆ ಒಂದು ಪೊಟ್ಟಣ ಕೊಡ್ತೀಯಾ?"

"ಕೊಡ್ತೀನಿ, ಮೊದಲು ತಾತನಿಗೆ. ಮನೆ ಮುಂದೆ ಎರಡು ಗಿಡ ಹಾಕ್ಕೊಳ್ಳಲಿ."

"ನನಗೆ ಹೊಟ್ಟೆ ಉರಿ ಅಂದ್ನಲ್ಲಮ್ಮಾ!" ಎಂದ ತಾತ, ಆದರೂ ಕೈ ಒಡ್ಡಿದ. ಕೋಣೆ ತುಂಬ ನಗೆ ಎದ್ದಿತು. ಎಲ್ಲರೂ ಒಟ್ಟಿಗೆ ಮುಂದೆ ಬಂದರು. ಅಕ್ಕ ಒಬ್ಬಳೇ ಬೀಜ ಅಳೆದು, ಕಾಗದ ಮಡಚಿ, ದಾರ ಸುತ್ತಿ ಕೊಡಬೇಕು. ಸಾಲು ಬೆಳೆಯಿತು, ಅವಳ ಕೈ ಸಾಲದಾಯಿತು.

ಅವಳು ತಲೆಯೆತ್ತಿ ಗೋಡೆಯ ಕಡೆ ನೋಡಿದಳು. "ಏ, ಅಲ್ಲೇನು ಗೋಡೆಗೆ ಅಂಟಿಕೊಂಡು ನಿಂತಿದೀಯ? ಹೋಗಿ ಕೈ ತೊಳ್ಕೊಂಡು ಬಾ. ಪೊಟ್ಟಣ ಕಟ್ಟೋರು ಯಾರು?"

ಸೀಳಪ್ಪ ಮೂಲೆಯ ನಲ್ಲಿಗೆ ಹೋದ. ಎಲ್ಲರಿಗೂ ಬೆನ್ನು ಹಾಕಿ ನಿಂತು ಸೋಪು ಹಚ್ಚಿ ಬೆರಳು ಬೆರಳು ಉಜ್ಜಿದ, ಉಗುರ ಸಂದಿ ಉಜ್ಜಿದ, ಮೊಣಕೈ ತನಕ ಉಜ್ಜಿದ. ನಲ್ಲಿಯ ಸದ್ದಿನಲ್ಲಿ ಅವನು ಅಳುತ್ತಿದ್ದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ತೊಳೆದಷ್ಟೂ ಸಾಲದು ಎನಿಸಿ ಮತ್ತೆ ಸೋಪಿಗೆ ಕೈ ಹಾಕಿದ.

"ಸಾಕು ಬಾರೋ, ಚರ್ಮ ಕಿತ್ತು ಬಂದೀತು" ಎಂದು ಅಕ್ಕ ಹಿಂದಿನಿಂದ ಕೂಗಿದಳು.

ಅವನು ನಲ್ಲಿ ನಿಲ್ಲಿಸಿ, ಬಂದು ಅವಳ ಪಕ್ಕದಲ್ಲಿ ಕೂತ.